ಆಯಿ ಬಾಯಲ್ಲಿ ಸಿದ್ರಾಮ

ಮೊನ್ನೆ ಧಾರವಾಡದಿಂದ ಗೆಳತಿ ಫೋನು ಮಾಡಿದ್ದಳು. ನನ್ನ ಪುಸ್ತಕಗಳ ಕರಡನ್ನು ಎಲ್ಲರಿಗಿಂತ ಮೊದಲು ಓದುವವಳು ಅವಳು, ಮುಖ ಮುಲಾಜಿಲ್ಲದೆ ಹೇಳುವವಳೂ ಅವಳೇ. ಹೊಸ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಮುಗಿಸಿದ ಮೇಲೆ ಅವಳಿಗೊಂದು ಸಂಶಯ ಬಂದಿತ್ತು.

"ಅಲ್ಲವಾ, ಇಷ್ಟು ಪುಟ ಓದೀನಿ, ನಿನ್ನ ನಾಯಕನ ಹೆಸರೇ ಬಂದಿಲ್ಲ. ಮರತೀಯೋ, ಬೇಕಂತ ಬಿಟ್ಟೀಯೋ?"

"ಬರ್ತದ, ಸ್ವಲ್ಪ ತಡಿ. ನಮ್ಮ ಮನ್ಯಾಗ ಗಂಡಸರ ಹೆಸರು ಅಷ್ಟು ಲಗೂ ಬರೂದಿಲ್ಲ," ಅಂದೆ.

ಅವಳು ನಕ್ಕು ಫೋನಿಟ್ಟಳು. ನಾನು ತಮಾಷೆಗೆ ಹೇಳಿದ್ದಲ್ಲ. ಈಗ ಸೊಲ್ಲಾಪುರದ ವಿಜಾಪುರ ರಸ್ತೆಯ ಫ್ಲ್ಯಾಟಿನಲ್ಲಿ, ಲ್ಯಾಪ್‌ಟಾಪಿನ ಮುಂದೆ ಕೂತು ಬರೆಯುತ್ತೇನೆ. ಮಕ್ಕಳು ಮರಾಠಿಯಲ್ಲಿ ಜಗಳಾಡುತ್ತಾರೆ, ನಾನು ಕನ್ನಡದಲ್ಲಿ ಬಿಡಿಸುತ್ತೇನೆ. ಕಾದಂಬರಿ ಬರೆಯುವುದು ಹೇಗೆ ಎಂದು ಸಭೆಗಳಲ್ಲಿ ಯಾರಾದರೂ ಕೇಳಿದರೆ ದೊಡ್ಡ ದೊಡ್ಡ ಮಾತು ಹೇಳಿ ಪಾರಾಗುತ್ತೇನೆ. ಖರೇ ಹೇಳಬೇಕೆಂದರೆ ಬರೆಯುವುದನ್ನು ನನಗೆ ಯಾರೂ ಕಲಿಸಲಿಲ್ಲ, ಅದು ಹೇಗೋ ಬಂತು. ಆದರೆ ತಿದ್ದುವುದನ್ನು ಕಲಿತದ್ದು ಹಳೇ ಸೊಲ್ಲಾಪುರದ ನಮ್ಮ ನಡುಮನೆಯಲ್ಲಿ, ಒಂದು ಬೇಸಿಗೆಯ ರಜೆಯಲ್ಲಿ, ಶೇಂಗಾ ಸುಲಿಯುವ ಹೆಂಗಸರ ಮುಂದೆ. ಆ ಕಲಿಕೆಯ ಬಗ್ಗೆ ನನಗೆ ಇವತ್ತಿಗೂ ಜಂಭ ಇದೆ.

ಆ ಮನೆಗೆ ಮುಂದೆ ಅಂಗಡಿ, ಹಿಂದೆ ಸಂಸಾರ. ಅಂಗಡಿಯಲ್ಲಿ ಚಾದರು, ಟಾವೆಲ್ಲು. ಹೊಸ ಅರಿವೆಯ ಗಂಜಿ ವಾಸನೆ ಅಡುಗೆಮನೆಯವರೆಗೂ ಬಂದು ಒಗ್ಗರಣೆಯ ಜೊತೆ ಕೂಡಿಕೊಳ್ಳುತ್ತಿತ್ತು. ಅಂಗಡಿ ದಾಟಿದರೆ ಪಡಸಾಲೆ. ಅಲ್ಲಿ ಮುತ್ಯಾನ ಗಾದಿ. ಮುತ್ಯಾ ಅಂದರೆ ನನ್ನ ಅಪ್ಪನ ಅಪ್ಪ, ಮನೆಯ ಯಜಮಾನ. ಊಟವಾದ ಮೇಲೆ ಗಾದಿಗೆ ಒರಗಿ, ಮಾರಾಟಕ್ಕೆ ಬಂದ ಟಾವೆಲ್ಲುಗಳ ಅಂಚನ್ನು ಬೆರಳಿನಿಂದ ಸವರಿ ನೋಡುತ್ತಿದ್ದ. ಪಡಸಾಲೆಯ ಹಿಂದೆ ನಡುಮನೆ. ಕಿಟಕಿ ಇಲ್ಲ, ಮಾಳಿಗೆಯ ಬೆಳಕಿಂಡಿಯಿಂದ ಬೀಳುವ ಬಿಸಿಲೇ ದೀಪ. ಆ ಬಿಸಿಲು ಸರಿದಂತೆ ಆಯಿಯೂ ಸರಿದು ಕೂರುತ್ತಿದ್ದಳು, ಅವಳ ಹಿಂದೆ ಉಳಿದ ಹೆಂಗಸರೂ ಮೊರಗಳನ್ನು ಎಳೆದುಕೊಂಡು ಸರಿಯುತ್ತಿದ್ದರು. ಆಯಿ ಅಂದರೆ ಅಜ್ಜಿ. ಮರಾಠಿಯವರಿಗೆ ಆ ಮಾತಿಗೆ ತಾಯಿ ಅಂತ ಅರ್ಥ, ನಮ್ಮ ಮನೆಯ ಮಟ್ಟಿಗೆ ಎರಡೂ ಸರಿ. ಹಿಂದಿನ ಓಣಿಯ ಮಗ್ಗಗಳು ಬೆಳಗಿನಿಂದ ಖಟಖಟ ಅನ್ನುತ್ತಲೇ ಇರುತ್ತಿದ್ದವು. ಕರೆಂಟು ಹೋಗಿ ಅವು ನಿಂತಾಗಲೇ ನಮಗೆ ಅವುಗಳ ನೆನಪಾಗುತ್ತಿದ್ದದ್ದು.

ನಡುಮನೆಯಲ್ಲಿ ಪುಸ್ತಕ ಓದುವುದು ಆಯಿಯ ಹುದ್ದೆ. ಅವಳು ಅಕ್ಕಲಕೋಟದವಳು, ಸಣ್ಣವಳಿದ್ದಾಗ ಅಲ್ಲಿಯ ಕನ್ನಡ ಸಾಲಿಗೆ ಹೋಗಿದ್ದಳು. ನನ್ನ ಅವ್ವ ಮತ್ತು ಕಾಕು, ಅಂದರೆ ಚಿಕ್ಕಪ್ಪನ ಹೆಂಡತಿ, ಮಾತಾಡುವುದು ಕನ್ನಡವೇ ಆದರೂ ಕಲಿತದ್ದು ಮರಾಠಿ. ಕನ್ನಡದ ಅಕ್ಷರ ಅವರ ಕಣ್ಣಿಗೆ ಬರೀ ಜಿಲೇಬಿ. ಹೀಗಾಗಿ ಮಧ್ಯಾಹ್ನ ಗಂಡಸರ ಊಟ ಮುಗಿದು, ರೊಟ್ಟಿ ಹೆಂಚು ಆರುವ ಹೊತ್ತಿಗೆ ಆಯಿ ಕನ್ನಡಕ ಹಾಕಿ ಶರಣರ ಕತೆಯನ್ನೋ ವಿಜಾಪುರದಿಂದ ಯಾರೋ ತಂದ ಹಳೇ ವಾರಪತ್ರಿಕೆಯ ಧಾರಾವಾಹಿಯನ್ನೋ ಗಟ್ಟಿಯಾಗಿ ಓದುವಳು. ಉಳಿದವರು ಶೇಂಗಾ ಸುಲಿಯುತ್ತ, ಶಾವಿಗೆ ಹೊಸೆಯುತ್ತ ಕೇಳುವರು. ಅವಳ ನಂತರ ಆ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಹಟ ಹಿಡಿದು ನನ್ನನ್ನು ಕನ್ನಡ ಸಾಲಿಗೆ ಹಾಕಿಸಿದವಳೂ ಅವಳೇ.

ಆ ವರ್ಷ ನಾನು ಏಳನೆಯದು ಮುಗಿಸಿದ್ದೆ. ಪರೀಕ್ಷೆಯ ಮರುದಿನ, ಊಟದ ಹೊತ್ತಿನಲ್ಲಿ, ಮುತ್ಯಾ ತೀರ್ಮಾನ ಹೇಳಿಬಿಟ್ಟ.

"ಜೂನದಾಗ ಹುಡುಗೀನ ಮರಾಠಿ ಸಾಲಿಗಿ ಹಾಕೂದು. ಗಿರಾಕಿ ಮರಾಠಿ, ಬ್ಯಾಂಕು ಮರಾಠಿ, ಕಚೇರಿ ಮರಾಠಿ. ಈ ಕನ್ನಡ ತಗೊಂಡು ಹಾಸಗೋಬೇಕೋ, ಹೊಚಗೋಬೇಕೋ?"

ಚಾದರು ಮಾರುವವನ ಬಾಯಲ್ಲಿ ಆ ಮಾತಿಗೆ ತೂಕ ಹೆಚ್ಚು. ಅಪ್ಪ ತಲೆ ಬಗ್ಗಿಸಿ ರೊಟ್ಟಿ ಮುರಿದ. ಆಯಿ ಮಾತ್ರ ಬಡಿಸುವ ಸೌಟು ಕೆಳಗಿಟ್ಟು, "ನನ್ನ ಕಣ್ಣ ಹ್ವಾದ ಮ್ಯಾಲ ಇಲ್ಲೆ ಓದಾವ್ರು ಯಾರ್ರಿ?" ಅಂದಳು. "ಟಿವ್ಹಿ ಅದಲ," ಅಂದ ಮುತ್ಯಾ. ನನಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂತು.

"ನಾ ಕನ್ನಡದಾಗ ಕಾದಂಬರಿ ಬರ್ಯಾಕತ್ತೀನಿ."

ಬರೆಯುವುದಿರಲಿ, ಆ ಹೊತ್ತಿನವರೆಗೆ ಯೋಚನೆ ಕೂಡ ಮಾಡಿರಲಿಲ್ಲ. ಕಾಕು ಕೆಮ್ಮಿದಳು. ಮುತ್ಯಾ ನಗಲಿಲ್ಲ. ಅವನಲ್ಲಿ ನನಗೆ ಹಿಡಿಸುತ್ತಿದ್ದ ಗುಣ ಇದು, ಯಾರು ಏನೇ ತಂದಿಟ್ಟರೂ ಮೊದಲು ಮುಟ್ಟಿ ನೋಡುವವನು.

"ಬರಿ. ನಿಮ್ಮ ಆಯಿ ಓದ್ಲಿ. ಮುಗಿಯೂತನಾ ಯಾರೂ ಏಳಲಿಲ್ಲಂದ್ರ ಮಾಲು ಖರೇ ಅಂತ ತಿಳೀತೀನಿ, ನಿನ್ನ ಸಾಲಿ ನಿನಗ. ನಡುವ ಗಿರಾಕಿ ಎದ್ದು ಹ್ವಾದ್ರ ಬಿಚ್ಚಿದ ಅರಿವಿ ಥಾನ ಮಡಚಿ ಇಡೂದು. ಜೂನ ಬರೂದ್ರೊಳಗ."

ಮಾಳಿಗೆಯ ಮೇಲೆ ಹಪ್ಪಳ ಕಾಯುವ ನೆವದಲ್ಲಿ ಕೊಡೆ ಹಿಡಿದು ಕೂತು ಬರೆದೆ. ಕತೆ ಏನು ಅಂತ ಹೇಳಲು ಈಗ ನಗು ಬರುತ್ತದೆ. ತಾಯಿಯೊಬ್ಬಳೇ ಸಾಕಿದ ಹುಡುಗ, ಮಿಲ್ಲಿನ ಸಾಲುಮನೆಗಳ ಚಾಳಿನವನು, ತಾಯಿಯ ಜೊತೆ ಜಗಳಾಡಿ ಗೋಡೆ ಹಾರಿ ಓಡಿಹೋಗುತ್ತಾನೆ, ರೈಲು ಹತ್ತುತ್ತಾನೆ, ಸರ್ಕಸ್ಸು ಸೇರುತ್ತಾನೆ, ಅಲ್ಲೊಬ್ಬ ಹುಡುಗಿ. ನಾಯಕನಿಗೆ ಸಿದ್ರಾಮ ಅಂತ ಹೆಸರಿಟ್ಟೆ. ಸೊಲ್ಲಾಪುರದಲ್ಲಿ ಓಣಿಗೊಬ್ಬ ಸಿದ್ರಾಮ, ಅದಕ್ಕಿಂತ ಊರಿಗೆ ಒಪ್ಪುವ ಹೆಸರು ಬೇರೆ ಯಾವುದಿದೆ? ಹೊಸ ಲೇಖಕಿ, ಹೆಸರಿನ ರುಚಿ ಹತ್ತಿತ್ತು. ಸಿದ್ರಾಮ ಬಂದ, ಸಿದ್ರಾಮ ನಿಂತ, ಸಿದ್ರಾಮ ಸಿದ್ರಾಮನ ಬೀಡಿಯನ್ನು ಹಚ್ಚಿದ. ಬರೆದು ಮುಗಿಸಿದಾಗ ನನಗೆ ನಾನೇ ದೊಡ್ಡವಳಾಗಿ ಕಂಡೆ. ಹಾಳೆಗಳನ್ನು ದಾರದಿಂದ ಹೊಲಿದು ಆಯಿಯ ಮಡಿಲಲ್ಲಿ ಇಟ್ಟೆ.

ಅವತ್ತು ಅಕ್ಕಲಕೋಟದ ಅತ್ತಿಯೂ ತವರಿಗೆ ಬಂದಿದ್ದಳು, ಅಪ್ಪನ ಅಕ್ಕ, ಆಯಿಯನ್ನು ಬಿಟ್ಟರೆ ಮನೆಯಲ್ಲಿ ಮುತ್ಯಾನಿಗೂ ಎದುರು ಮಾತಾಡುವ ಒಬ್ಬಳೇ ಒಬ್ಬಳು. ಆಯಿ ಕನ್ನಡಕ ಏರಿಸಿ ಮೊದಲ ಸಾಲಿಗೆ ಬೆರಳಿಟ್ಟಳು, ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ತೆರೆದಳು. ಕೊನೆಗೆ ದನಿ ತಗ್ಗಿಸಿ ಓದಿದಳು:

"ಇವರು... ಹಿತ್ತಲ ಗ್ವಾಡಿ ಹಾರಿದ್ರು."

"ಯಾರು ಹಾರಿದ್ರು?" ಅಂದಳು ಅತ್ತಿ.

"ಇವರು," ಅಂದು ಆಯಿ ಪಡಸಾಲೆಯ ಕಡೆ ಗದ್ದ ತೋರಿಸಿದಳು.

ಆಗ ನನ್ನ ತಲೆಗೆ ಹೊಳೆಯಿತು. ಮುತ್ಯಾನ ಹೆಸರು ಸಿದ್ರಾಮಪ್ಪ. ನನಗೆ ಅದು ಗೊತ್ತಿರಲಿಲ್ಲ ಅಂತಲ್ಲ. ಆದರೆ ಆ ಹೆಸರನ್ನು ಆ ಮನೆಯಲ್ಲಿ ನಾನು ಹುಟ್ಟಿದಂದಿನಿಂದ ಯಾರೂ ಹೇಳಿದ್ದು ಕೇಳಿರಲಿಲ್ಲ. ಗಂಡನ ಹೆಸರನ್ನು ಆಯಿ ಹೇಳುವಂತಿಲ್ಲ, ಮಾವನ ಹೆಸರನ್ನು ಅವ್ವ, ಕಾಕು ಹೇಳುವಂತಿಲ್ಲ, ಮಕ್ಕಳಿಗೆ ಅವನು ಅಪ್ಪಾ, ಪೇಟೆಗೆ ಶೇಠಜಿ. ಹೇಳದ ಹೆಸರು ನನ್ನ ಪಾಲಿಗೆ ಯಾರದೂ ಅಲ್ಲದ ಹೆಸರಾಗಿಬಿಟ್ಟಿತ್ತು. ಆಯಿ ಧೈರ್ಯ ಮಾಡಿ ಮುಂದೆ ಓದಿದಳು. ಇವರು ರೈಲು ಹತ್ತಿದರು, ಇವರು ಟಿಕೆಟಿಲ್ಲದೆ ಸಿಕ್ಕಿಬಿದ್ದರು. ಕಾಕು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಸರ್ಕಸ್ಸಿನ ಹುಡುಗಿಯ ಕೈಯನ್ನು ಇವರು ಹಿಡಿದದ್ದೇ ತಡ, ಆಯಿ ಹಾಳೆ ಕೆಳಗಿಟ್ಟು ಪಡಸಾಲೆಯ ಕಡೆ ತಿರುಗಿದಳು.

"ಏನ್ರಿ, ಇದ್ಯಾವಾಗ?"

"ಏನ್ ಯಾವಾಗ?" ಅಂದ ಮುತ್ಯಾ ಒಳಗೆ ಏನು ನಡೆದಿದೆಯೋ ತಿಳಿಯದೆ.

ಅವ್ವ ನಕ್ಕದ್ದನ್ನು ನಾನು ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. ಮೊರದ ಶೇಂಗಾ ನೆಲದ ತುಂಬಾ ಚೆಲ್ಲಿದವು. ಅತ್ತಿ ಕಣ್ಣೊರೆಸಿಕೊಂಡು ಉಪಾಯ ಹೇಳಿದಳು: "ಯವ್ವಾ, ಒಡಪು ಹಾಕಿ ಹೇಳಿಬಿಡ, ಅದಕೇನು ದೋಷಿಲ್ಲ." ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರನ್ನು ಕಾಡಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಆಗ ಪ್ರಾಸ ಹಾಕಿ ಕಟ್ಟುವ ಎರಡು ಸಾಲೇ ಒಡಪು. ಆಯಿ ನಾಚಿದಳು. ಆ ವಯಸ್ಸಿನಲ್ಲಿ ಅವಳು ನಾಚಿದ್ದನ್ನು ಈಗಲೂ ಕಣ್ಣಿಗೆ ಕಟ್ಟಿದಂತೆ ಹೇಳಬಲ್ಲೆ. ಸೆರಗು ಸರಿಮಾಡಿಕೊಂಡು ಹೇಳಿದಳು:

"ತವರ ಬಾಗಲಿಗಿ ತಳಿರ ತೋರಣ ಕಟ್ಟೀನಿ,
ಸಿದ್ರಾಮಪ್ಪನೋರ ಹೆಸರ ಹೇಳಿ ಹೊಸ್ತಿಲ ದಾಟೀನಿ."

ಹೆಂಗಸರು ಹೋ ಅಂದರು. ಮುಂದಿನ ಸಾಲಿನಲ್ಲಿ ಮತ್ತೆ ಸಿದ್ರಾಮ. ಮತ್ತೊಂದು ಒಡಪು:

"ಬಿಸಿ ರೊಟ್ಟಿಗಿ ಬೆಣ್ಣಿ ಹಚ್ಚಿದ್ರ ಬ್ಯಾಡ ಅನ್ನೋರು ಯಾರು,
ಸಿದ್ರಾಮಪ್ಪನೋರು ಸಿಟ್ಟಿಗೆದ್ರ ತಡಿಯೋರು ಯಾರು."

ಹೀಗೆ ಬಿಸಿಲು ಗೋಡೆ ಹತ್ತುವವರೆಗೆ ನಡೆಯಿತು. ನನ್ನ ಸಿದ್ರಾಮ ಮಾತ್ರ ಸರ್ಕಸ್ಸಿನ ಡೇರೆಯ ಬಾಗಿಲಲ್ಲೇ ನಿಂತಿದ್ದ. ಯಾರೂ ಎದ್ದಿರಲಿಲ್ಲ, ಖರೇ. ಆದರೆ ಕತೆಗಾಗಿ ಯಾರೂ ಕೂತಿರಲಿಲ್ಲ. ಮುತ್ಯಾ ಪಡಸಾಲೆಯಿಂದಲೇ ತೀರ್ಪು ಕೊಟ್ಟ: "ಇದು ತಮಾಶಾ, ಮಾಲು ಅಲ್ಲ." ಆಯಿ ಬಳಲಿ ಕನ್ನಡಕ ತೆಗೆದಳು.

"ಖೋಡಿ, ಒಂದು ಪುಟದಾಗ ಎಷ್ಟು ಸಲ ಕರೀತೀಯ ಅವನ್ನ? ನಾ ಮದವಿಯಾದಾಗಿಂದ ಇಷ್ಟು ಸಲ ಆ ಹೆಸರ ತಗೊಂಡಿಲ್ಲ. ಹೆಸರು ತಗೋಬೇಕಂದ್ರ ಒಂದು ಹೊತ್ತು ಇರ್ತದ, ಒಂದು ಕಾರಣ ಇರ್ತದ."

ಹೆಸರು ಬದಲಿಸಿ ನೋಡಿದೆ. ರಮೇಶ ಅಂತ ಇಟ್ಟೆ. ನನಗೇ ಅವನ ಮುಖ ಕಾಣದಾಯಿತು. ಗೋಡೆ ಹಾರಿದರೂ ಕಾಲಿಗೆ ಮಣ್ಣು ಹತ್ತದ ಹುಡುಗ. ಆಯಿಗೆ ಹೇಳಿದರೆ ಅವಳೂ ಒಪ್ಪಲಿಲ್ಲ, "ಇಂವಾ ಯಾರು ನಡುವ ಬಂದಾಂವ? ನಮ್ಮಾಂವ ಎಲ್ಲಿ?" ಅಂದಳು. ಕಾದಂಬರಿಕಾರ್ತಿಗೆ ಇದಕ್ಕಿಂತ ದೊಡ್ಡ ಮಾತು ಇನ್ನೇನು ಬೇಕು. ಸಿದ್ರಾಮನೇ ಇರಲಿ, ಹೆಸರು ಬೇಡ ಅಂತ ಪೆನ್ನು ಹಿಡಿದು ಎಲ್ಲ ಕಡೆ ಹೊಡೆದುಹಾಕಿದೆ. ಅವನು ಬಂದ, ಅವನು ನಿಂತ, ಅವನು ಅವನಿಗೆ ಹೇಳಿದ. ಶುದ್ಧ ಮಾಡಿದ ಹಾಳೆಗಳನ್ನು ಮತ್ತೆ ಹೊಲಿದು ಕೊಟ್ಟೆ. ಈ ಸಲ ಆಯಿಯ ನಾಲಿಗೆ ಎಲ್ಲೂ ತಡವರಿಸಲಿಲ್ಲ. ತಡವರಿಸಿದವರು ಕೇಳುವವರು.

"ಯಾರು ಬಂದ್ರೀಗ?" ಅಂದಳು ಅವ್ವ.

"ಅವನಽ," ಅಂದಳು ಆಯಿ.

"ಅಂವಾ ಆಗಲೇ ಹೋದ್ನಲ?"

"ಅದು ಸರ್ಕಸ್ಸಿನ ಮಾಲಕ," ಅಂದೆ ನಾನು.

ಕಾಕು ಸ್ವಲ್ಪ ಹೊತ್ತು ತಾಳಿದಳು. ಆಮೇಲೆ, "ಅನ್ನಕ್ಕ ಎಸರ ಇಟ್ಟು ಬರ್ತೀನಿ," ಅಂತ ಎದ್ದಳು. ಅವಳ ಹಿಂದೆ ಅವ್ವ, ಒಣಹಾಕಿದ ಅರಿವೆ ನೆನಪಾಯಿತು ಅಂತ. ಪಡಸಾಲೆಯಲ್ಲಿ ಮುತ್ಯಾ ಕೈಯಲ್ಲಿದ್ದ ಟಾವೆಲ್ಲನ್ನು ಮಡಚಿ ಇಟ್ಟ. ಆ ಸದ್ದಿಲ್ಲದ ಮಡಚುವಿಕೆ ನನಗೆ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು. ಮಾಳಿಗೆ ಹತ್ತಿ ಅತ್ತೆ. ಬರೆದದ್ದು ಹಿಡಿಸಲಿಲ್ಲವೆಂದು ನಾಲ್ಕು ಜನ ಎದ್ದುಹೋಗಿ ತೋರಿಸುವ ಅವಮಾನವನ್ನು ಆಮೇಲೆಯೂ ಅನುಭವಿಸಿದ್ದೇನೆ, ಪತ್ರಿಕೆಗಳು ಕತೆ ಮರಳಿ ಕಳಿಸಿವೆ, ಪ್ರಕಾಶಕರು ತಿಂಗಳುಗಟ್ಟಲೆ ಸುಮ್ಮನಿದ್ದಾರೆ. ಆದರೆ ಕಾಕು ಅನ್ನಕ್ಕೆ ಎಸರಿಡಲು ಎದ್ದದ್ದರ ಮುಂದೆ ಅವೆಲ್ಲ ಏನೂ ಅಲ್ಲ. ಆಯಿ ಮಾಳಿಗೆಗೆ ಬರಲಾರದೆ ನಿಚ್ಚಣಿಕೆಯ ಕೆಳಗೆ ನಿಂತು ಒಂದೇ ಮಾತು ಕೇಳಿದಳು.

"ಹೆಸರು ತಗದಿ, ಬರೊಬ್ಬರಿ. ಮನಶ್ಯಾನ ಎಲ್ಲಿ ಇಟ್ಟಿ?"

ಮರುದಿನ ಅವಳು ಮುತ್ಯಾನ ಮುಂದೆ ನಿಂತು, ಥಾನ ಇನ್ನೂ ಪೂರ್ತಿ ಬಿಚ್ಚಿಲ್ಲ, ಜೂನ ಇನ್ನೂ ಬಂದಿಲ್ಲ ಅಂತ ವಾದ ಮಾಡಿ, ನನ್ನನ್ನು ಎಸ್‌ಟಿ ಬಸ್ಸು ಹತ್ತಿಸಿಕೊಂಡು ಅಕ್ಕಲಕೋಟಕ್ಕೆ ಅತ್ತಿಯ ಮನೆಗೆ ಕರೆದೊಯ್ದಳು. ಅತ್ತಿಯ ಗಂಡನದು ಸ್ವಾಮಿಗಳ ಗುಡಿಯ ಹತ್ತಿರ ತೆಂಗಿನಕಾಯಿ, ಹೂವಿನ ಅಂಗಡಿ. ಗುರುವಾರದ ಗದ್ದಲ ನೋಡಬೇಕು, ಪುಣೆಯಿಂದ, ಕಲಬುರ್ಗಿಯಿಂದ, ಎಲ್ಲೆಲ್ಲಿಂದಲೋ ಬಂದ ಜನ ಓಣಿಯಲ್ಲಿ ತುಂಬಿ ಹರಿಯುತ್ತಾರೆ. ಅವತ್ತು ಸಂಜೆ ಒಳಗೆ ಕೂತು ಸೊಪ್ಪು ಸೋಸುತ್ತಿದ್ದ ಅತ್ತಿ ಇದ್ದಕ್ಕಿದ್ದಂತೆ, "ಬಂದ್ರು ನೋಡ, ಚಹಾಕ್ಕಿಡ," ಅಂದಳು. ಹೊರಗೆ ಅಷ್ಟು ಜನ. ಯಾರೂ ಒಳಗೆ ಬಂದಿರಲಿಲ್ಲ. ಸ್ವಲ್ಪ ಹೊತ್ತಿಗೆ ಅತ್ತಿಯ ಗಂಡ, ನಮ್ಮ ಮಾಮಾ, ಬಂದ.

"ನಿನಗ ಹೆಂಗ ಗೊತ್ತಾತು?" ಅಂತ ಅತ್ತಿಯನ್ನು ಕೇಳಿದೆ.

"ಕಟ್ಟಿ ಮ್ಯಾಲ ಚಪ್ಪಲ ಝಾಡಿಸಿದ್ದು ಕೇಳಲಿಲ್ಲ? ಒಳಗ ಬರೂಮುಂದ ಕಿಸೆದಾಗಿನ ಕೀಲಿ ಮುಟ್ಟಿ ನೋಡ್ತಾರ, ಆ ಸಪ್ಪಳಾ ಬ್ಯಾರೇನ ಇರ್ತದ," ಅಂದಳು ಅತ್ತಿ, ಇದೂ ಒಂದು ಕೇಳುವ ಮಾತೇ ಅನ್ನುವಂತೆ.

ಆಮೇಲೆ ನಾನು ಕಟ್ಟೆಯ ಮೇಲೆ ಕೂತು ಕಿವಿಗೊಟ್ಟೆ. ಓಣಿಯ ಹೆಂಗಸರು ಸಂಜೆಯೆಲ್ಲ ಗಂಡಂದಿರನ್ನೇ ಆಡಿಕೊಂಡರು. ಒಬ್ಬಳ ಬಾಯಲ್ಲೂ ಒಂದು ಹೆಸರಿಲ್ಲ, ಎಲ್ಲರದೂ 'ನಮ್ಮನಿಯವ್ರು'. ಆದರೂ ಯಾರ ಮನೆಯವರು ಅಂತ ಯಾರಿಗೂ ಗೊಂದಲವಿಲ್ಲ. ಒಬ್ಬರು ಉಪ್ಪು ಕಡಿಮೆಯಾದರೆ ಮಾತಾಡದೆ ತಾಟು ತಿರುಗಿಸುವವರು, ಒಬ್ಬರು ಬಸ್ಸಿನ ಹೊತ್ತಿಗಿಂತ ಮೊದಲೇ ಹೋಗಿ ನಿಂತೂ ಬಸ್ಸು ತಪ್ಪಿಸಿಕೊಳ್ಳುವವರು. ಹೆಸರು ಹೇಳಬಾರದು ಅನ್ನುವ ಕಟ್ಟುಪಾಡಿನಲ್ಲಿ ಬೆಳೆದ ಆ ಹೆಂಗಸರು ಮನುಷ್ಯನನ್ನು ಕಾಣಿಸುವ ಬೇರೆ ದಾರಿಯನ್ನೇ ಮಾಡಿಕೊಂಡಿದ್ದರು. ನಾನೋ ಹೆಸರನ್ನು ಕಿತ್ತು ಆ ಜಾಗವನ್ನು ಖಾಲಿ ಬಿಟ್ಟಿದ್ದೆ.

ಅತ್ತಿಯ ಮನೆಯ ಹಿಂದಿನ ಖೋಲಿಯಲ್ಲಿ, ತೆಂಗಿನಕಾಯಿ ಚೀಲಗಳ ನಡುವೆ, ಮೊದಲಿನಿಂದ ಬರೆದೆ. ಈಗಿನ ಸಿದ್ರಾಮ ಎರಡೂ ಕೈಯಲ್ಲಿ ಏನಾದರೂ ಹಿಡಿದೇ ಮನೆಗೆ ಬರುವವನು, ಬಾಗಿಲನ್ನು ಭುಜದಿಂದ ನೂಕುವವನು. ರೊಟ್ಟಿಯನ್ನು ಮುರಿಯದೆ ಸುರುಳಿ ಸುತ್ತಿ ತಿನ್ನುವವನು. ಸುಳ್ಳು ಹೇಳುವಾಗ ಮಾತ್ರ ಎದುರಿನವರ ಕಣ್ಣಲ್ಲಿ ಕಣ್ಣಿಟ್ಟು ನೋಡುವವನು. ಅವನು ಹೀಗೆ ಮೈದುಂಬಿದಂತೆ ಅವನಿಗೆ ಸರ್ಕಸ್ಸು ಸಾಲದಾಯಿತು, ಸರ್ಕಸ್ಸನ್ನೇ ಕಿತ್ತುಹಾಕಿದೆ. ಆ ಹುಡುಗಿಯೂ ಹೋದಳು. ಆಯಿ, "ಪಾಪ, ಆಕಿ ಛಲೋ ಇದ್ಲು," ಅಂತ ಮರುಗಿದಳು. ನನಗೆ ಮರುಕವಿರಲಿಲ್ಲ. ಕಿತ್ತಷ್ಟೂ ಕತೆ ಓಡುತ್ತಿತ್ತು, ನನ್ನ ಕೈ ಅದರ ಹಿಂದೆ ಓಡುತ್ತಿತ್ತು. ಅತ್ತಿ ಊಟಕ್ಕೆ ಕರೆದರೆ ಸಿಟ್ಟು ಬರುತ್ತಿತ್ತು. ಅಂಥ ಸುಖ ಮತ್ತೆ ಬಂದಿದೆ, ಆದರೆ ಆ ಮೊದಲ ಸಲದ್ದು ಇನ್ನೊಂದಿಲ್ಲ. ಹೆಸರನ್ನು ಇಡೀ ಪುಸ್ತಕದಲ್ಲಿ ಒಂದೇ ಕಡೆ ಉಳಿಸಿದೆ, ಕೊನೆಯ ಪುಟದಲ್ಲಿ. ಆ ಹೆಸರು ಹಿಡಿದು ಕರೆಯುವ ಹಕ್ಕು ಇದ್ದವಳ ಬಾಯಲ್ಲಿ ಇಟ್ಟೆ. ಆಯಿಗೆ ಅದನ್ನು ಹೇಳಲಿಲ್ಲ.

ಸೊಲ್ಲಾಪುರಕ್ಕೆ ಮರಳಿದ ಮೇಲೆ ಓದು ಶುರುವಾಯಿತು. ಹಟ ಹಿಡಿದು ಅತ್ತಿಯೂ ಜೊತೆಗೆ ಬಂದಿದ್ದಳು, ಸಾಲಿ ತೆರೆಯುವ ದಿನ ಹತ್ತಿರವಾಗಿತ್ತು. ಮೊದಲ ಮಧ್ಯಾಹ್ನ ಬಾಗಿಲನ್ನು ಭುಜದಿಂದ ನೂಕಿದ ಸದ್ದು ಬಂದ ಕೂಡಲೇ ಅವ್ವ, "ಬಂದಾ ನೋಡ ಧಡಪಡ್ಯಾ," ಅಂದಳು. ನಾನು ತಲೆ ಎತ್ತಲಿಲ್ಲ, ಎತ್ತಿದ್ದರೆ ಕುಣಿದುಬಿಡುತ್ತಿದ್ದೆ. ಅವನು ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದಾಗ ಕಾಕು ಮೊರ ಕೆಳಗಿಟ್ಟು, "ಸುಳ್ಳ ಹೇಳಾಕತ್ತಾನ, ನಂಬಬ್ಯಾಡ," ಅಂತ ಆ ತಾಯಿಗೆ ಎಚ್ಚರಿಕೆ ಕೊಟ್ಟಳು. ಕೊನೆಯ ದಿನ ಒಲೆಯ ಮೇಲಿನ ಹಾಲು ಉಕ್ಕಿದ ವಾಸನೆ ಬಂತು. ಎಲ್ಲರೂ ಕಾಕುವಿನ ಮುಖ ನೋಡಿದರು. "ಉಕ್ಕಲಿ," ಅಂದಳು ಕಾಕು. ಕರೆಂಟು ಹೋಗಿ ಮಗ್ಗಗಳೂ ನಿಂತಿದ್ದವು. ಪಡಸಾಲೆಯ ಗಾದಿಯ ಮೇಲೆ ಮುತ್ಯಾ ಒಂದೇ ಟಾವೆಲ್ಲನ್ನು ಎಷ್ಟು ಹೊತ್ತಿನಿಂದ ಸವರುತ್ತಿದ್ದನೋ.

ಕೊನೆಯ ಪುಟದಲ್ಲಿ ಸಿದ್ರಾಮ ಊರಿಗೆ ಮರಳುತ್ತಾನೆ. ಒಳಗೆ ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ. ಬಾಗಿಲನ್ನು ಯಾರೋ ಭುಜದಿಂದ ನೂಕುತ್ತಾರೆ. ಅವಳು ತಿರುಗಿ ನೋಡುವುದಿಲ್ಲ. ನಾನು ಆಯಿಯ ಬೆರಳನ್ನೇ ನೋಡುತ್ತಿದ್ದೆ, ಅದು ಆ ಸಾಲಿಗೆ ಬಂತು. ಅವಳು ತಡೆಯುತ್ತಾಳೆ, ಒಡಪು ಹುಡುಕುತ್ತಾಳೆ ಅಂದುಕೊಂಡಿದ್ದೆ. ಆಯಿ ತಡೆಯಲಿಲ್ಲ. ಅವಳಿಗೆ ತಾನು ಯಾರ ಹೆಂಡತಿ ಅನ್ನುವುದೇ ಮರೆತಿತ್ತು. ಒಲೆಯ ಮುಂದೆ ಕೂತ ತಾಯಿ ಕರೆಯುವ ಹಾಗೆ, ದೊಡ್ಡ ದನಿಯಲ್ಲಿ, ಅಷ್ಟೂ ವರ್ಷದ ಅಂತಃಕರಣವನ್ನು ಬಾಯಿಗೆ ತಂದು ಓದಿದಳು:

"ಸಿದ್ರಾಮಾ, ಕೈಕಾಲ ತೊಳಕೊಂಡು ಬಾರೋ. ರೊಟ್ಟಿ ಆರಾಕತ್ತಾವ."

ಪಡಸಾಲೆಯಿಂದ ಮುತ್ಯಾ, "ಓ, ಬಂದೆ ಯವ್ವಾ," ಅಂದ.

ಯಾರೂ ನಗಲಿಲ್ಲ. ಅವನ ತಾಯಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಆಮೇಲೆ ಆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯಬಹುದಾದವರು ಯಾರೂ ಉಳಿದಿರಲಿಲ್ಲ. ಅವನು ಗಾದಿಯಿಂದ ಎದ್ದು ಬಂದು ನಡುಮನೆಯ ಬಾಗಿಲಲ್ಲಿ ನಿಂತ. ಅಷ್ಟು ದಿನದ ಓದಿನಲ್ಲಿ ಎದ್ದವನು ಅವನೊಬ್ಬನೇ, ಎದ್ದದ್ದು ಒಳಗೆ ಬರುವುದಕ್ಕೆ. ಹೆಂಗಸರ ನಡುವೆ, ಶೇಂಗಾ ಸಿಪ್ಪೆಯ ಮೇಲೆಯೇ ಕೂತ.

"ಆ ಸಾಲು ಇನ್ನೊಮ್ಮೆ ಓದ," ಅಂದ.

ಆಯಿಗೆ ಆಗ ತಾನು ಏನು ಹೇಳಿಬಿಟ್ಟೆ ಅನ್ನುವುದು ಗೊತ್ತಾಯಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹಾಳೆಗಳನ್ನು ನನ್ನ ಕೈಗೆ ಕೊಟ್ಟು, "ನನ್ನ ಕೈಲೆ ಆಗೂದಿಲ್ರಿ. ಈಕಿ ಓದತಾಳ," ಅಂದಳು.

"ಹಂಗಾರ ಈಕಿಗಿ ಕನ್ನಡ ಸಾಲಿ ಬಿಡಸೂದು ಬ್ಯಾಡ," ಅಂದ ಮುತ್ಯಾ, ಯಾರ ಕಡೆಗೂ ನೋಡದೆ. "ಓದವಾ."

ನಾನು ಆ 'ಸಿದ್ರಾಮಾ'ದಿಂದಲೇ ಓದಿದೆ. ಮುತ್ಯಾ ಈ ಸಲ ಬೇಕಂತಲೇ ಓ ಅಂದ.